ಡಿಕ್ಕಿಯೊಳಗೆ ಸಿಕ್ಕಿಕೊಂಡ ನಿಶ್ಚಿತಾರ್ಥ

ಕಾರಿನ ಕರೆಂಟ್ ಕೆಲಸದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನೋ ಧಿಮಾಕು ನನಗಿತ್ತು. ಅದು ಇಳಿದಿದ್ದು ಗುಬ್ಬಿಯಲ್ಲಿ, ಆಯುಧಪೂಜೆಯ ಮಾರನೇ ದಿನ, ನಿಶ್ಚಿತಾರ್ಥದ ಮನೆಯೊಂದರ ಮುಂದೆ. ತುಮಕೂರಿನಿಂದ ಬಂದಿದ್ದ ಗಂಡಿನ ಕಡೆಯವರ ಕಾರಿನ ಡಿಕ್ಕಿ ತೆಗೆಯಲು ಬರುತ್ತಿಲ್ಲ ಅಂತ ನನ್ನನ್ನು ಕರೆಸಿದ್ದರು. ಹುಡುಗಿಯ ಸೀರೆ, ಉಂಗುರ, ಅರಿಶಿನ ಕುಂಕುಮದ ತಟ್ಟೆ ಎಲ್ಲ ಅದರೊಳಗೆ. ಮುಹೂರ್ತ ಮೀರುತ್ತೆ ಅಂತ ಪುರೋಹಿತರು ಬಾಗಿಲಿಗೇ ಬಂದು ನಿಂತಿದ್ದರು.

ಡಿಕ್ಕಿಯ ಬಟನ್ ಮೇಲೆ ಪೂಜೆಯ ಗಂಧ, ಕುಂಕುಮ ಒಣಗಿ ಕೂತಿತ್ತು.

"ಏನಮ್ಮಾ, ಸ್ವಿಚ್ಚಿಗೆಲ್ಲ ಕುಂಕುಮ ಮೆತ್ತಿದ್ರೆ ಕರೆಂಟ್ ಹೆಂಗೆ ಹರಿಯುತ್ತೆ?" ಅಂತ ಹುಡುಗನ ತಾಯಿಗೆ ಎಲ್ಲರೆದುರೇ ಪಾಠ ಹೇಳಿದೆ.

ಬಟನ್ ಒರೆಸಿ ಒತ್ತಿದೆ. ಡಿಕ್ಕಿ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಟೆಸ್ಟರನ್ನು ಫ್ಯೂಸಿಗೆ ಇಟ್ಟೆ, ಅದರ ಲೈಟ್ ಹತ್ತಲಿಲ್ಲ. ವೈರಿಗೆ ಇಟ್ಟೆ, ಹತ್ತಲಿಲ್ಲ. "ಒಳಗೆಲ್ಲೋ ವೈರ್ ಕಟ್ಟಾಗಿದೆ" ಅಂತ ತೀರ್ಪು ಕೊಟ್ಟು ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚಿ ಹರಡಿದೆ.

"ಇನ್ನೂ ಎಷ್ಟೊತ್ತಪ್ಪಾ?" ಅಂದರು ಆ ತಾಯಿ.

"ನೋಡಿಮ್ಮಾ, ಕರೆಂಟ್ ಇದ್ರೆ ಲೈಟ್ ಹಿಂಗೆ ಹತ್ಬೇಕು" ಅಂತ ತೋರಿಸಲು ಟೆಸ್ಟರನ್ನು ಬ್ಯಾಟರಿಗೇ ಇಟ್ಟೆ. ಅಲ್ಲೂ ಹತ್ತಲಿಲ್ಲ. ಒಳಗೆ ಕೂತಿದ್ದ ಯಾರೋ ಹಾರ್ನ್ ಒತ್ತಿದರು. ಅದು ಊರಿಗೆಲ್ಲ ಕೇಳುವಷ್ಟು ಜೋರಾಗಿ ಹೊಡೆಯಿತು.

ಟೆಸ್ಟರ್ ತಿರುಗಿಸಿ ನೋಡಿದೆ. ಅದರ ಮೊನೆಗೆ ಗಂಧ, ಅದರ ಮೇಲೆ ದುಂಡಗೆ ಕುಂಕುಮ. ಹಿಂದಿನ ದಿನ ನಾನೇ ಭಕ್ತಿಯಿಂದ ಇಟ್ಟಿದ್ದು.

ಅದನ್ನು ಕೆರೆದ ಮೇಲೆ ಟೆಸ್ಟರಿನ ಲೈಟ್ ಹತ್ತಿತು. ಸುಟ್ಟಿದ್ದು ಬರೀ ಫ್ಯೂಸು. ಬೇರೆ ಹಾಕಿದೆ, ಡಿಕ್ಕಿ ಟಕ್ಕಂತ ತೆರೆದುಕೊಂಡಿತು.

ಆ ತಾಯಿ ಮೊದಲು ಹೊರಗೆ ತೆಗೆದಿದ್ದು ಕುಂಕುಮದ ಬಟ್ಟಲು. ಅದನ್ನು ನನ್ನ ಮುಂದೆ ಹಿಡಿದು, "ತಗೊಳಪ್ಪಾ, ಈ ಸಲ ಹಣೆಗೆ ಇಟ್ಕೋ" ಅಂದರು.