ತೇಪೆ ಮೇಸ್ತ್ರಿ ಗುಂಡಿ ಮುಚ್ಚಿದ್ದು

ರಸ್ತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಗುಂಡಿ ಮುಚ್ಚಿದವರಿಗೆ ಊರು ಇಟ್ಟ ಹೆಸರು ತೇಪೆ ಮೇಸ್ತ್ರಿ. ಅದನ್ನವರು ಬಿರುದಿನಂತೆ ಹೊತ್ತು ಓಡಾಡುತ್ತಿದ್ದರು. ತಮ್ಮ ತೇಪೆಯ ಮೇಲೆ ಲಾರಿ ಹೋದರೂ ಅದರೊಳಗಿಟ್ಟ ತುಂಬಿದ ಲೋಟ ತುಳುಕದು ಎಂದು ಕೊಚ್ಚಿಕೊಳ್ಳುವುದೂ ಇತ್ತು. ಲೋಟ ತಂದು ಪರೀಕ್ಷಿಸಿದವರು ಯಾರೂ ಇಲ್ಲ.

ಆ ವರ್ಷ ಹೆಂಡತಿಯ ಬೆನ್ನುಮೂಳೆಯಲ್ಲಿ ಗಡ್ಡೆ ಕಾಣಿಸಿತು. ಹದಿನೈದು ದಿನಕ್ಕೊಮ್ಮೆ ಔಷಧಿ ಏರಿಸಲು ದೊಡ್ಡಾಸ್ಪತ್ರೆಗೆ ಹೋಗಬೇಕು. ಅರವತ್ತು ಕಿಲೋಮೀಟರು, ಅದೇ ರಸ್ತೆ. ಡಾಂಬರು ಮಂಜೂರಾಗದೆ ಎರಡು ವರ್ಷವಾಗಿತ್ತು. ಪ್ರತಿ ಗುಂಡಿಗೂ ಆಕೆ ಹಲ್ಲು ಕಚ್ಚುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಬಂತು: ಖಾಸಗಿ ಕಂಪನಿಯೊಂದು ತನ್ನದೇ ಬಂಡವಾಳ ಹಾಕಿ ಪಕ್ಕದಲ್ಲೇ ಹೊಸ ಟೋಲ್ ರಸ್ತೆ ಮಾಡುವ ಯೋಚನೆಯಲ್ಲಿದೆ, ಜಾಗ ನೋಡಲು ಬರುತ್ತಿದೆ.

"ಸ್ವಲ್ಪ ತಡ್ಕೊ. ಆಮೇಲೆ ನೀನು ಮಲಗಿದ್ದ ಹಾಗೇ ಆಸ್ಪತ್ರೆ ಬಂದ್ಬಿಡುತ್ತೆ," ಎಂದರು ಮೇಸ್ತ್ರಿ.

"ನಿಮ್ಮನ್ನ ಬಿಟ್ರೆ ರಸ್ತೆಗೆ ಗತಿಯಿಲ್ಲ ಅಂತಿದ್ರಲ್ಲ?"

"ನಂದು ತೇಪೆ ಕಣೇ. ಅವ್ರದ್ದು ಹೊಸ ಬಟ್ಟೆ."

ರಸ್ತೆಯನ್ನು ತಾವೇ ಹೆತ್ತಂತೆ ನಡೆಯುವ ಎಂಜಿನಿಯರ್ ಸಾಹೇಬರು ಮೇಸ್ತ್ರಿಯನ್ನು ಕರೆಸಿದರು. "ನೆಂಟರು ಬಂದಾಗ ಹರಿದ ಚಾಪೆ ಹಾಸ್ತೀವೇನೋ? ಇಲಾಖೆ ಮಾನ ನಿನ್ನ ಕೈಲಿದೆ."

ಎರಡು ವರ್ಷ ಇಲ್ಲದ ಡಾಂಬರು ಮೂರೇ ದಿನದಲ್ಲಿ ಬಂತು. ಮೇಸ್ತ್ರಿ ಗುಂಡಿಯ ಅಂಚನ್ನು ಚೌಕಕ್ಕೆ ಕಡಿದು, ಧೂಳು ಗುಡಿಸಿ, ಜಲ್ಲಿ ತುಂಬಿ, ರೋಲರ್ ಓಡಿಸಿ, ಬಗ್ಗಿ ಕಣ್ಣಳತೆಯಲ್ಲಿ ಮಟ್ಟ ನೋಡಿದರು. ಇಡೀ ಜೀವಮಾನದ ಕಸುಬನ್ನು ಹನ್ನೊಂದು ದಿನದಲ್ಲಿ ಸುರಿದರು.

ಕಂಪನಿಯ ಕಾರು ದೋಣಿಯಂತೆ ತೇಲಿ ಬಂತು. ಇಳಿದ ಅಧಿಕಾರಿ ಬೆರಗಾದ. "ಯಾರ್ರೀ ಇದನ್ನ ನೋಡ್ಕೊಳ್ಳೋದು?"

"ನಾವೇ," ಎಂದು ಸಾಹೇಬರು ಎದೆಯುಬ್ಬಿಸಿದರು. ಹಿಂದೆ ನಿಂತಿದ್ದ ಮೇಸ್ತ್ರಿಯ ಎದೆಯೂ ಉಬ್ಬಿತು.

"ಇಂಥ ರಸ್ತೆ ಪುಕ್ಕಟೆ ಇರುವಾಗ ನಮ್ಮದಕ್ಕೆ ಟೋಲ್ ಕಟ್ಟೋಕೆ ಯಾರು ಬರ್ತಾರೆ ಸಾರ್? ಬೇರೆ ಕಡೆ ನೋಡ್ತೀವಿ."

ತಳವೇ ಕೊಳೆತ ರಸ್ತೆ. ಮಳೆಗಾಲ ಮುಗಿಯುವುದರೊಳಗೆ ತೇಪೆಗಳೆಲ್ಲ ಎದ್ದುಹೋದವು. ಸಾಹೇಬರು ಬಡ್ತಿ ಪಡೆದು ವರ್ಗವಾದರು. ಮೇಸ್ತ್ರಿ ಬಾಡಿಗೆ ಕಾರಿನಲ್ಲಿ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಈಗೊಂದು ಬರುತ್ತೆ, ಗಟ್ಟಿ ಹಿಡ್ಕೊ," ಎಂದು ಮುಂಚಿತವಾಗಿ ಹೇಳುತ್ತ ಹೋಗುತ್ತಿದ್ದರು.

ಒಂದು ದಿನ ವಾಪಸು ಬರುವಾಗ ಆಕೆ ಹೇಳಿದಳು: "ರೀ, ಇನ್ನು ಹೋಗೋದು ಬೇಡ. ರೋಗದ ನೋವು ತಡೀತೀನಿ. ದಾರೀದು ಆಗಲ್ಲ."

"ನಾನು ಅಷ್ಟು ಚೆನ್ನಾಗಿ ಮುಚ್ಚಬಾರ್ದಿತ್ತು ಕಣೇ."

"ಕೆಟ್ಟದಾಗಿ ಮುಚ್ಚೋಕೆ ನಿಮಗೆಲ್ಲಿ ಬರ್ತಿತ್ತು, ಬಿಡಿ."

ಮುಂದಿನ ತಾರೀಖಿನ ಬೆಳಿಗ್ಗೆ ಕಾರು ಬಾಗಿಲಿಗೆ ಬಂದಾಗ ಮೇಸ್ತ್ರಿ ಹೊರಬಂದು ಬೇಡವೆಂದು ಕೈಯಾಡಿಸಿದರು. ಕಾರು ಕುಲುಕುತ್ತ ಹಿಂದಿರುಗಿತು. ಅದು ಯಾವ ಗುಂಡಿಗೆ ಇಳಿಯಿತು, ಯಾವುದರಿಂದ ಎದ್ದಿತು ಎನ್ನುವುದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಸದ್ದು ಅಡಗುವವರೆಗೂ ಅಲ್ಲೇ ನಿಂತಿದ್ದು ಒಳಗೆ ಹೋದರು.