ಮುಖ ಬೇಡ, ನಡಿಗೆ ಸಾಕು

ಮಂಡಿ ಮೊಹಲ್ಲಾದ ಬೆಲ್ಲದ ಅಂಗಡಿಗಳಲ್ಲಿ ಮೂಟೆ ಹೊರುವ ಶಿವರಾಮುವಿಗೆ ಗುಟ್ಟು ಅಂದರೆ ಹೊಟ್ಟೆನೋವು. ಬೆಳಿಗ್ಗೆ ಅವನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದ ಊಟದೊಳಗೆ ಮೂರು ಬೀದಿ ಸುತ್ತಿ ಅವನ ಹತ್ತಿರವೇ ವಾಪಸು ಬರುತ್ತದೆ. ಅಂಥವನ ಬಾಯಿಗೆ ಹೋದ ವರ್ಷ ಸಿನಿಮಾದವರು ಬೀಗ ಜಡಿದು, ಕಟ್ಟಿಕೊಂಡ ಹೆಂಡತಿಯ ಹತ್ತಿರವೂ ಬಾಯಿ ಬಿಡಕೂಡದು ಅಂದುಬಿಟ್ಟರು. ಪಾಪ, ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಶಿವರಾಮುವಿಗೆ ನಲವತ್ತೆಂಟು ವರ್ಷ. ಆಳು ಇನ್ನೂ ಕಡ್ಡಿಯ ಹಾಗಿದ್ದಾನೆ. ಹಗಲೆಲ್ಲ ಮೂಟೆ, ಹಬ್ಬ ಬಂದರೆ ವೇಷ. ಗಣೇಶ ಕೂರಿಸಿದ ಯಾವ ಬೀದಿಯಲ್ಲಿ ಆರ್ಕೆಸ್ಟ್ರಾ ಇದ್ದರೂ ಅಲ್ಲಿ 'ಜೂನಿಯರ್ ಇಂದುಧರ' ಇರಲೇಬೇಕು. ನಿಜವಾದ ಇಂದುಧರ ಅವರಿಗೆ ಈಗ ಎಪ್ಪತ್ತೆರಡು. ಒಂದು ಕಾಲದಲ್ಲಿ ಅವರು ತೆರೆಯ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಟಾಕೀಸು ಕಿತ್ತುಹೋಗುವ ಹಾಗೆ ಶಿಳ್ಳೆ ಬೀಳುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಶಿವರಾಮು ಆ ನಡಿಗೆಯನ್ನು ಕಾಲಿಗೆ ಇಳಿಸಿಕೊಂಡವನು ಇವತ್ತಿಗೂ ಬಿಟ್ಟಿಲ್ಲ.

ಹೆಂಡತಿ ಪುಟ್ಟಲಿಂಗಮ್ಮ ಮಾತ್ರ ಆ ಕಡೆ ತಲೆ ಹಾಕಿದವಳಲ್ಲ. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಹೋಗಿ ಅರ್ಧಕ್ಕೇ ಎದ್ದು ಬಂದಿದ್ದಳು. "ಜನ ಎಲ್ಲಾ ನಿಮ್ಮನ್ನ ಇನ್ಯಾರದೋ ಹೆಸರಲ್ಲಿ ಕೂಗ್ತಾರಲ್ರೀ, ನಂಗೆ ನೋಡಕ್ಕಾಗಲ್ಲ," ಅಂದಳು. ಹಾಗಂತ ಅವಳೇನು ಗಂಡನನ್ನು ಹೆಸರು ಹಿಡಿದು ಕರೆಯುವವಳೇ? ಇಪ್ಪತ್ತೈದು ವರ್ಷದಲ್ಲಿ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿಲ್ಲ. ಗಂಡನ ಹೆಸರು ಹೇಳಬಾರದು ಅಂತ ಅವಳ ತಾಯಿ ಹೇಳಿಕೊಟ್ಟದ್ದು, ಅವಳಿಗೆ ಅದೇ ಖಾಯಂ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಕಾರ್ಡು ಮುಂದೆ ಹಿಡಿದು, ಓದ್ಕೊಳ್ಳಿ ಅನ್ನುತ್ತಾಳೆ. ಆದರೆ ದಿನಾ ಸಂಜೆ ಅವನ ಬಲಭುಜಕ್ಕೆ ಎಳ್ಳೆಣ್ಣೆ ತಿಕ್ಕುವವಳೂ ಅವಳೇ. ಹೊತ್ತೂ ಹೊತ್ತೂ ಆ ಭುಜ ಒಂದಿಷ್ಟು ಇಳಿದುಹೋಗಿದೆ. ನಡೆಯುವಾಗ ಇಲ್ಲದ ಮೂಟೆಯನ್ನು ಸರಿಮಾಡಿಕೊಳ್ಳುವ ಹಾಗೆ ಆಗಾಗ ತಾನೇ ಎಗರುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ತನುಶ್ರೀ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. ವಯಸ್ಸಾದ ನಟರನ್ನು ಕಂಪ್ಯೂಟರಿನಲ್ಲಿ ಚಿಕ್ಕವರನ್ನಾಗಿ ಮಾಡುವುದು ಅವಳ ಕೆಲಸವಂತೆ. ಇಂದುಧರ ಅವರ ಹೊಸ ಸಿನಿಮಾದಲ್ಲಿ ಅರ್ಧ ಕಥೆ ಯೌವನದ್ದು. ಸುಕ್ಕೆಲ್ಲ ಅಳಿಸಿ ಮುಖವನ್ನೇನೋ ಇಪ್ಪತ್ತೆಂಟಕ್ಕೆ ತಂದಿದ್ದಾರೆ. ಆದರೆ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಆ ಚೆಂದದ ಮುಖ ಹೊತ್ತುಕೊಂಡು ಎದ್ದು ನಡೆದರೆ ಮದುವೆ ಮನೆಯಲ್ಲಿ ಕೈ ತೊಳೆಯಲು ಹೊರಟ ತಾತನ ಹಾಗೆ ಕಾಣುತ್ತಾರೆ. ಯಾರದೋ ಫೋನಿನಲ್ಲಿ ಗಣೇಶನ ಹಬ್ಬದ ವಿಡಿಯೋ ನೋಡಿ, ಇವರೇ ಬೇಕು ಅಂತ ಅವಳು ಬಂದಿದ್ದಳು.

"ನಿಮ್ಮ ಮುಖ ಬೇಡ ಸಾರ್, ಅಲ್ಲಿಗೆ ಅವರ ಮುಖ ಕೂರಿಸ್ತೀವಿ. ನಡಿಗೆ ಕೊಡಿ, ಸಾಕು."

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರೋ ಏನೋ. ಶಿವರಾಮುವಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಿನಿಮಾ! ಅದೂ ಇಂದುಧರ ಅವರದು! ನಡೆದದ್ದು ಇಂದುಧರ ಅವರೇ ಅಂತ ಜನ ನಂಬಬೇಕು, ಯಾರಿಗೂ ಯಾವತ್ತೂ ಹೇಳುವುದಿಲ್ಲ ಅಂತ ಒಂದು ಕಾಗದ ಇತ್ತು. ಅದಕ್ಕೂ ಹಿಂದುಮುಂದು ನೋಡದೆ ಸಹಿ ಹಾಕಿದ. ಆಮೇಲೆ ಹೊಳೆಯಿತು. ಮುಖವೂ ಇಲ್ಲ, ಹೇಳುವ ಹಾಗೂ ಇಲ್ಲ ಅಂದಮೇಲೆ, ಅದು ನಾನು ಅಂತ ಗೊತ್ತಾಗುವುದು ಯಾರಿಗೆ? ಊರಿನ ಮನೆ ಹಾಳಾಗಲಿ, ಪುಟ್ಟಲಿಂಗಮ್ಮನಿಗಾದರೂ ಗೊತ್ತಾಗಬೇಡವೇ? ಅವಳಿಗೆ ರಾಜೀವನಗರದ ಗೋಡೌನಿನಲ್ಲಿ ಐದು ದಿನ ಕೆಲಸ ಅಂತ ಸುಳ್ಳು ಹೇಳಿ ಹೊರಟ.

ನಂಜನಗೂಡು ರಸ್ತೆಯ ಹಳೆಯ ಬಂಗಲೆಯೊಂದರಲ್ಲಿ ಶೂಟಿಂಗ್. ಮೈಗೆ ಹೀರೋ ಬಟ್ಟೆ, ಆಮೇಲೆ ಇಂದುಧರ ಅವರ ಮುಖ ಕೂರಿಸಲು ಗುರುತಿಗೆ ಅಂತ ಮುಖದ ತುಂಬ ಕರಿ ಚುಕ್ಕಿ. ಎರಡು ದಿನ ನಡೆದದ್ದೇ ನಡೆದದ್ದು. ಮೂರನೆಯ ದಿನ ತನುಶ್ರೀ ಅವನ ನಡಿಗೆಯನ್ನು ಇಂದುಧರ ಅವರ ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಕಾಲು ಅದೇ, ಕತ್ತು ಅದೇ, ಕೈ ಬೀಸುವುದೂ ಅದೇ. ನಾಲ್ಕು ಹೆಜ್ಜೆಗೊಮ್ಮೆ ಬಲಭುಜ ಮಾತ್ರ ಚಂಗನೆ ಎಗರುತ್ತಿತ್ತು. ಹಳೆಯದರಲ್ಲಿ ಅದಿಲ್ಲ. ಮೂವತ್ತು ವರ್ಷ ತಾನು ಅಪ್ಪಟ ಇಂದುಧರ ಅಂತ ನಂಬಿಕೊಂಡಿದ್ದವನು ಎರಡನ್ನೂ ಮತ್ತೆ ಮತ್ತೆ ನೋಡಿದ. ಭುಜ ಬಿಗಿಹಿಡಿದರೆ ಹೆಜ್ಜೆ ತಪ್ಪುತ್ತಿತ್ತು, ಹೆಜ್ಜೆ ನೋಡಿಕೊಂಡರೆ ಭುಜ ಎಗರುತ್ತಿತ್ತು. ಹನ್ನೊಂದು ಸಲ ಹೀಗೇ ಆಯಿತು. ಇನ್ನು ಮನೆಗೆ ಕಳಿಸುತ್ತಾರೆ ಅಂದುಕೊಂಡ.

ಅಷ್ಟರಲ್ಲಿ ಸಾಕ್ಷಾತ್ ಇಂದುಧರ ಅವರೇ ಕೋಲೂರಿಕೊಂಡು ಬಂದು ಕುರ್ಚಿ ಎಳೆದು ಕೂತರು. ಅವನ ನಡಿಗೆಯನ್ನು ಹಾಕಿಸಿ ನೋಡಿದರು. ಇನ್ನೊಂದು ಸಲ ಹಾಕಿಸಿದರು.

"ಈ ಭುಜ ನಂದಲ್ಲವಲ್ಲಯ್ಯ, ಯಾರದು?"

"ನಂದೇ ಅಣ್ಣ. ಮೂಟೆ ಹೊತ್ತು ಬಂದಿರೋದು. ಏನ್ ಮಾಡಿದ್ರೂ ಹೋಗ್ತಿಲ್ಲ."

ಮುದುಕರು ಹೊಟ್ಟೆ ಕುಲುಕಿಸಿ ನಕ್ಕರು. "ಆಗ ಇದು ನಂಗೆ ಹೊಳೀಲೇ ಇಲ್ಲ ನೋಡು. ಹೊಳೆದಿದ್ರೆ ನಾನೂ ಹಾಕ್ಬುಡ್ತಿದ್ದೆ," ಅಂದವರು ತನುಶ್ರೀ ಕಡೆ ತಿರುಗಿದರು. "ಅಳಿಸ್ಬೇಡ ಕಣಮ್ಮ. ಇರ್ಲಿ."

ಅದಾದ ಹತ್ತು ತಿಂಗಳು ಶಿವರಾಮು ಬಾಯಲ್ಲಿ ಬೆಲ್ಲದ ಅಚ್ಚು ಇಟ್ಟುಕೊಂಡವನ ಹಾಗೆ ತುಟಿ ಬಿಗಿದು ಓಡಾಡಿದ. ಎಣ್ಣೆ ತಿಕ್ಕಿಸಿಕೊಳ್ಳುವಾಗ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಏನ್ರೀ ಬಂದಿರೋದು ನಿಮಗೆ ಅಂತ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ಮೆಚ್ಚಬೇಕು.

ಸಿನಿಮಾ ಬಂತು. ಕಾಡಿ ಬೇಡಿ ಪುಟ್ಟಲಿಂಗಮ್ಮನನ್ನು ಮೊದಲ ದಿನದ ಬೆಳಗಿನ ಆಟಕ್ಕೇ ಹೊರಡಿಸಿದ. ಆ ಮುದುಕನ್ನ ನೋಡಕ್ಕೆ ಕೆಲಸ ಬಿಟ್ಟು ಬರಬೇಕಾ ಅಂತ ಗೊಣಗುತ್ತಲೇ ಅವಳು ಬಂದು, ಮಡಿಲಲ್ಲಿ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಳು. ಅರ್ಧ ಗಂಟೆಗೆ ಹಳೆಯ ಕಥೆ ಶುರುವಾಯಿತು. ಬಂಗಲೆಯ ಮೆಟ್ಟಿಲಿಳಿದು ಇಪ್ಪತ್ತೆಂಟರ ಇಂದುಧರ ನಡೆದು ಬಂದರು. ಅದೇ ಮೀಸೆ, ಅದೇ ಗದ್ದ. ಜನ ಸೀಟಿನ ಮೇಲೆ ಹತ್ತಿ ನಿಂತು ಹೆಸರು ಕೂಗತೊಡಗಿದರು. ಶಿವರಾಮು ತೆರೆಯತ್ತ ನೋಡಲೇ ಇಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಮನಸ್ಸಿನಲ್ಲೇ ಹೆಜ್ಜೆ ಎಣಿಸಿದ. ಒಂದು, ಎರಡು, ಮೂರು, ನಾಲ್ಕು.

ಕಡಲೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

ಇನ್ನೂ ನಾಲ್ಕು ಹೆಜ್ಜೆ ಆಯಿತು. ಪುಟ್ಟಲಿಂಗಮ್ಮ ತೆರೆ ನೋಡಿದಳು, ತಿರುಗಿ ಗಂಡನ ಬಲಭುಜ ನೋಡಿದಳು. ದಿನಾ ಎಣ್ಣೆ ಹಚ್ಚುವ ಕೈಯನ್ನು ಆ ಭುಜದ ಮೇಲೆ ಒತ್ತಿ ಇಟ್ಟಳು. ಅವಳ ಇನ್ನೊಂದು ಪಕ್ಕದಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಎಲ್ಲರ ಜೊತೆ ಇಂದುಧರ, ಇಂದುಧರ ಅಂತ ಕೂಗುತ್ತಿದ್ದಳು. ಪುಟ್ಟಲಿಂಗಮ್ಮ ಅವಳ ಸೆರಗು ಜಗ್ಗಿದಳು.

"ಅದು ಅವರಲ್ಲ ಕಣಮ್ಮ," ಅಂದಳು. "ಅದು ಶಿವರಾಮು. ನಮ್ಮನೆಯವರು."