ಮೂರು ಪಟ್ಟಿಯಲ್ಲಿ ಒಬ್ಬಳೇ ಹುಡುಗಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ನಾನಾಗ ಹೊಳಲ್ಕೆರೆ ತಾಲ್ಲೂಕಿನಲ್ಲಿ ಶಿಕ್ಷಣ ಸಂಯೋಜಕನಾಗಿದ್ದೆ, ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ಶಿಕ್ಷಣ ಸಂಯೋಜಕ ಎಂದರೆ ದೊಡ್ಡ ಹುದ್ದೆಯೇನಲ್ಲ. ಶಾಲೆಗೂ ಕಚೇರಿಗೂ ನಡುವೆ ಬೈಕಿನಲ್ಲಿ ಓಡಾಡುತ್ತ ಎರಡೂ ಕಡೆ ಬೈಸಿಕೊಳ್ಳುವ ಕೆಲಸ. ಆ ವರ್ಷ ನಮ್ಮ ತಲೆಗೆ ಕಟ್ಟಿದ್ದು ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ. ಶಿಕ್ಷಕರು ಮನೆಮನೆಗೆ ಹೋಗಿ, ಎಷ್ಟು ಮಕ್ಕಳಿದ್ದಾರೆ, ಯಾರು ಶಾಲೆಗೆ ಹೋಗುತ್ತಿಲ್ಲ, ಯಾಕೆ ಎಂದು ಬರೆದುಕೊಂಡು ಬರಬೇಕಿತ್ತು. ಒಂದು ತಿಂಗಳು ನಡೆಯಿತು.

ಪಟ್ಟಿಗಳನ್ನು ತಾಳೆ ನೋಡಲು ಎಲ್ಲ ತಾಲ್ಲೂಕಿನವರೂ ಚಿತ್ರದುರ್ಗದಲ್ಲಿ ಸೇರಿದ್ದೆವು. ಅಲ್ಲಿ ಒಂದು ಹೆಸರು ಮೂರು ಸಲ ಸಿಕ್ಕಿತು. ಕೃಪಾ, ಹನ್ನೆರಡು ವರ್ಷ, ಶಾಲೆಗೆ ಹೋಗುತ್ತಿಲ್ಲ. ನಮ್ಮ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಒಮ್ಮೆ, ಹೊಸದುರ್ಗ ಪಟ್ಟಣದಲ್ಲಿ ಒಮ್ಮೆ, ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಲ್ಲಿ ಮತ್ತೊಮ್ಮೆ. ತಂದೆಯ ಹೆಸರು ಮೂರೂ ಕಡೆ ಬೇರೆ. ಆಧಾರ್ ಸಂಖ್ಯೆ ಮಾತ್ರ ಮೂರೂ ಕಡೆ ಒಂದೇ.

ಇಷ್ಟರಲ್ಲಿ ಹೊಸದುರ್ಗದಿಂದ ಹೆಸರಿಲ್ಲದ ದೂರು ಬೇರೆ ಬಂದಿತ್ತು. ಹುಡುಗಿಯೊಬ್ಬಳನ್ನು ಮನೆಯಿಂದ ಮನೆಗೆ ಕೆಲಸಕ್ಕೆ ಕಳಿಸುತ್ತಿದ್ದಾರೆ ಎಂದು. ನಮ್ಮ ಸಾಹೇಬರು ಎರಡೂ ಕಾಗದ ಒಟ್ಟಿಗೆ ಹಿಡಿದು ನನ್ನತ್ತ ನೋಡಿದರು.

"ಮೂರು ದಿನದಾಗೆ ವರದಿ ಕೊಡ್ರಿ. ಕೆಲಸಕ್ಕೆ ಇಟ್ಟಿರೋದು ಖರೇನೇ ಆದ್ರೆ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಾಣ. ಬಾಲಮಂದಿರಕ್ಕೆ ಹೋಗ್ಲಿ ಹುಡುಗಿ."

ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಮೂವತ್ತು ವರ್ಷದ ಸರ್ವೀಸಿನಲ್ಲಿ, ಮಗು ನಮ್ಮದಲ್ಲ ಎಂದು ಜಾರಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೆ. ಒಂದೇ ಮಗುವನ್ನು ಮೂರು ಮನೆಯವರು ನಮ್ಮದೇ ಎಂದು ಬರೆಸಿದ್ದನ್ನು ಕಂಡಿರಲಿಲ್ಲ.

ಮೊದಲು ಹೊಸದುರ್ಗಕ್ಕೆ ಹೋದೆ. ತೆಂಗಿನ ತೋಟಗಳು ಶುರುವಾಗುವ ಕಡೆ, ಊರಂಚಿನ ಬೀದಿ. ಟೈಲರಿಂಗ್ ಮಾಡುವ ಸುಗುಣಮ್ಮ ಎಂಬುವರ ಮನೆ. ಹೇಳದೆ ಕೇಳದೆ ಹಿತ್ತಿಲ ಕಡೆಯಿಂದ ಹೋದೆ. ಪರಿಶೀಲನೆ ಎಂದರೆ ಹಾಗೇ ಮಾಡಬೇಕು ಎಂದು ಹಿಂದಿನವರು ಕಲಿಸಿದ್ದರು. ನಲ್ಲಿಯ ಮುಂದೆ ಒಬ್ಬ ಹುಡುಗಿ ಪಾತ್ರೆ ತೊಳೆಯುತ್ತಿದ್ದಳು. ಹೆಸರು ಕೇಳಿದೆ, ಕೃಪಾ ಅಂದಳು. ವರದಿಯ ಮೊದಲ ಸಾಲು ಅಲ್ಲೇ ನಿಂತು ಮನಸ್ಸಿನಲ್ಲಿ ಬರೆದುಬಿಟ್ಟೆ.

ಸುಗುಣಮ್ಮ ಹೊರಗೆ ಬಂದರು. ನಾನು ಯಾರೆಂದು ಹೇಳಿ, ಏರಿದ ದನಿಯಲ್ಲೇ ಕೇಳಿದೆ, "ಯಾರದ್ರೀ ಈ ಮಗು? ಪಾತ್ರೆ ತೊಳಿಯಾಕೆ ಇಟ್ಕಂಡಿರಾ?"

"ನಮ್ಮನೆ ಮಗುನೇ ಸಾರ್. ಎಲ್ರಿಗೂ ಪಾಳಿ ಐತೆ. ಒಳಗೆ ಬರ್ರಿ, ಕುಂತ್ಕಳ್ರಿ."

ಅಡುಗೆಮನೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿತ್ತು. ಅವರ ಇಬ್ಬರು ಮಕ್ಕಳ ಹೆಸರು, ಕೃಪಾಳ ಹೆಸರು, ಯಾರು ಕಸ ಗುಡಿಸಬೇಕು, ಯಾರು ನೀರು ತುಂಬಬೇಕು, ಯಾರು ಪಾತ್ರೆ ತೊಳೆಯಬೇಕು, ಎಲ್ಲ ಅದರಲ್ಲಿತ್ತು. ನನಗೆ ನಂಬಿಕೆ ಬರಲಿಲ್ಲ. ಸ್ಲೇಟಿನ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು.

ವಿಷಯ ಹೀಗಿತ್ತು. ಇವರೂ ಇನ್ನೆರಡು ಮನೆಯವರೂ ಕ್ರೈಸ್ತರು. ಮೂರೂ ಮನೆಯವರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರು. ಬೆಳಗಿನ ಪ್ರಾರ್ಥನೆ, ಆಮೇಲೆ ಪಾಠ, ಆಮೇಲೆ ಮನೆಗೆಲಸ. ಕೃಪಾಳ ತಾಯಿ ಸುನೀತಾ ಚಿಕ್ಕಜಾಜೂರಿನವರು. ಬೆನ್ನುಮೂಳೆಯ ಆಪರೇಷನ್ ಆಗಿ ಮಲಗಿದಲ್ಲೇ ಇದ್ದರು. ಗಂಡ ಸುಂದರ ರೈಲ್ವೆಯಲ್ಲಿ ಟ್ರ್ಯಾಕ್‌ಮನ್, ಬೆಳಗಾಗುವ ಮೊದಲೇ ಹಳಿ ನೋಡಲು ಹೊರಡಬೇಕು. ಅದಕ್ಕೆ ಕೃಪಾ ಒಂದು ವಾರ ಇಲ್ಲಿ, ಒಂದು ವಾರ ಜವನಗೊಂಡನಹಳ್ಳಿಯಲ್ಲಿ, ಒಂದು ವಾರ ತನ್ನ ಮನೆಯಲ್ಲಿ. ಸಮೀಕ್ಷೆಯವರು ಬಂದಾಗ ಅವಳು ಯಾವ ಮನೆಯಲ್ಲಿದ್ದಳೋ ಆ ಮನೆಯ ಮಕ್ಕಳ ಜೊತೆ ಅವಳನ್ನೂ ಬರೆಸಿದ್ದರು.

"ನೆಂಟರ ಮಗು ಅಂತ ಹೇಳಬೇಕಿತ್ತಲ್ಲಮ್ಮ" ಎಂದೆ.

"ಹಂಗನ್ನಬಾರ್ದು ಅಂತ ನಾವೇ ಮಾತಾಡ್ಕಂಡಿವಿ ಸಾರ್. ಹಂಗಂದ್ರೆ ಮಗು ಮುದುಡ್ಕಂತೈತೆ."

ಕೃಪಾಳನ್ನು ಕರೆದು ಭಿನ್ನರಾಶಿಯ ಒಂದು ಲೆಕ್ಕ ಕೊಟ್ಟೆ. ಅವಳು ಸ್ವಲ್ಪವೂ ಹೆದರದೆ, "ಲೆಕ್ಕ ಎಸ್ತೇರಮ್ಮ ಆಂಟಿ ಮನೇಲಿ ಸಾರ್. ಈ ಮನೇಲಿ ಕನ್ನಡ, ವಿಜ್ಞಾನ" ಎಂದಳು. ನಗು ತಡೆಯಲು ಕೆಮ್ಮಬೇಕಾಯಿತು. ನಾಲ್ಕು ಗಂಟೆಗೆ ಮನೆಯ ಫೋನು ಹೊಡೆದುಕೊಂಡಿತು. ಮಕ್ಕಳು ಅದನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಇಟ್ಟು ಸುತ್ತ ಕೂತರು. ಯಾವುದೋ ಹೆಂಗಸಿನ ದನಿ ಇಂಗ್ಲಿಷ್ ಪಾಠ ಓದತೊಡಗಿತು. ಯಾರೋ ಆನ್‌ಲೈನ್ ಟೀಚರ್ ಇರಬೇಕು ಎಂದುಕೊಂಡು ಹೊರಟೆ.

ಮರುದಿನ ಜವನಗೊಂಡನಹಳ್ಳಿ. ಎಸ್ತೇರಮ್ಮ ಮದುವೆಗೆ ಮುಂಚೆ ಲೆಕ್ಕದ ಮೇಡಂ ಆಗಿದ್ದವರು, ಈಗ ಬೇಸಾಯದ ಮನೆ ಸಂಭಾಳಿಸುತ್ತಿದ್ದರು. ದೊಡ್ಡವರು ಮೊದಲೇ ಮಾತಾಡಿಟ್ಟುಕೊಂಡಿರಬಹುದು ಎಂಬ ಅನುಮಾನ ನನಗಿನ್ನೂ ಹೋಗಿರಲಿಲ್ಲ. ಅದಕ್ಕೆ ಅವರ ಆರು ವರ್ಷದ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದೆ, "ಕೃಪಾ ಯಾರು ಪುಟ್ಟಿ?"

"ನಮ್ಮಕ್ಕ. ಬಂದ್ರೆ ನನ್ನ ದಿಂಬು ಅವಳಿಗೇ ಕೊಡ್ಬೇಕು" ಎಂದು ಮುಖ ಊದಿಸಿಕೊಂಡಿತು. ಹೇಳಿಕೊಟ್ಟ ಮಾತಾಗಿದ್ದರೆ ಮುಖ ಅಷ್ಟು ಊದುತ್ತಿರಲಿಲ್ಲ. ಎಸ್ತೇರಮ್ಮ ಕೃಪಾಳ ಲೆಕ್ಕದ ಪುಸ್ತಕ ತಂದು ತೋರಿಸಿದರು. ನಿನ್ನೆ ನಾನು ಕೇಳಿದಂಥ ಭಿನ್ನರಾಶಿಗಳೇ ಪುಟಗಟ್ಟಲೆ ಇದ್ದವು, ಹೆಚ್ಚಿನವು ಸರಿಯಾಗಿಯೇ ಇದ್ದವು.

ಮೂರನೆಯ ದಿನ ಚಿಕ್ಕಜಾಜೂರು. ರೈಲ್ವೆ ಕ್ವಾರ್ಟರ್ಸಿನ ಬಾಗಿಲು ತೆಗೆದದ್ದು ಒಬ್ಬ ಅಜ್ಜಿ. ಸುಗುಣಮ್ಮನ ಅತ್ತೆಯಂತೆ. ಕೃಪಾ ಆ ಮನೆಗೆ ಹೋದಾಗ ಇವರು ಸುನೀತಾರನ್ನು ನೋಡಿಕೊಳ್ಳಲು ಈ ಮನೆಗೆ ಬಂದಿದ್ದರು. ಸುನೀತಾ ಗೋಡೆಯ ಪಕ್ಕ ಮಂಚದ ಮೇಲೆ ಅಲುಗಾಡದೆ ಮಲಗಿದ್ದರು. ತಲೆಯ ಹತ್ತಿರ ಇಂಗ್ಲಿಷ್ ಪಠ್ಯಪುಸ್ತಕ, ಫೋನು. ಮಾತಾಡಿದ ಕೂಡಲೇ ಗೊತ್ತಾಯಿತು, ಹೊಸದುರ್ಗದಲ್ಲಿ ಪಾತ್ರೆಯ ಮೇಲಿನ ಫೋನಿನಿಂದ ಕೇಳಿದ್ದು ಇದೇ ದನಿ. ಉಳಿದ ಎರಡೂ ಮನೆಯ ಮಕ್ಕಳಿಗೆ ಮೊದಲಿಂದಲೂ ಇಂಗ್ಲಿಷ್ ಇವರದೇ. ಮಲಗಿದ ಮೇಲೂ ಬಿಟ್ಟಿರಲಿಲ್ಲ.

ನಾನು ಬಂದ ಕಾರಣ ಅವರಿಗೆ ಗೊತ್ತಾಗಿತ್ತು. ನೇರವಾಗಿ ಕೇಳಿದರು, "ನನ್ನ ಮಗಳನ್ನ ಬಾಲಮಂದಿರಕ್ಕೆ ಕರ್ಕಂಡು ಹೋಗ್ತೀರಾ ಸಾರ್? ನಾನು ಎದ್ದು ತಡಿಯಾಕೂ ಆಗಲ್ಲ."

ನಾನು, ಹೊಸದುರ್ಗದಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದುದನ್ನು ಹೇಳಿದೆ. ತಾಯಿಗೆ ನೋವಾಗುತ್ತದೆ ಎಂದುಕೊಂಡಿದ್ದೆ. ಆಕೆಯ ಮುಖ ಅರಳಿತು.

"ತೊಳೀತಿದ್ಲಾ? ಸದ್ಯ! ಮೊದಲ ವಾರ ಸುಗುಣಕ್ಕ ಅವಳ ಕೈಲಿ ಒಂದು ಲೋಟನೂ ಮುಟ್ಟಿಸ್ಲಿಲ್ಲ ಸಾರ್. ಪಾಪ, ತಾಯಿ ಮಲಗವಳೆ ಅಂತ. ಇವಳು ಫೋನ್ ಮಾಡಿ ಅತ್ತಳು, ಅಮ್ಮ ನಾನಿಲ್ಲಿ ಹೊರಗಿನೋಳು ಅಂತ. ನಾನೇ ಸುಗುಣಕ್ಕಂಗೆ ಹೇಳ್ದೆ, ಅವಳ ಹೆಸರೂ ಸ್ಲೇಟಿಗೆ ಬರೀರಿ ಅಂತ."

ನಾನು ತಲೆ ತಗ್ಗಿಸಿದೆ. ಯಾವುದನ್ನು ಅಪರಾಧದ ಸಾಕ್ಷಿ ಎಂದು ತಿಳಿದಿದ್ದೆನೋ ಅದನ್ನು ಈ ತಾಯಿ ಬೇಡಿ ಪಡೆದಿದ್ದಳು. ನಾಚಿಕೆಯಾಯಿತು.

ಹಾಗೆಂದು ನಾನು ಮನೆಪಾಠದ ಭಕ್ತನಾಗಲಿಲ್ಲ. ಶಾಲೆಯ ಅನ್ನ ಉಂಡವನು. ಮಗು ನೂರು ಮಕ್ಕಳ ನಡುವೆ ಬೆಳೆಯಬೇಕು ಎಂದು ಇವತ್ತಿಗೂ ನಂಬುತ್ತೇನೆ, ಅದನ್ನು ಸುನೀತಾ ಅವರಿಗೂ ಹೇಳಿದೆ. ವಾದ ಮಾಡಿದರು, ಚೆನ್ನಾಗಿಯೇ ಮಾಡಿದರು. ಕೊನೆಗೆ ಒಂದಕ್ಕೆ ಒಪ್ಪಿದರು. ಮುಕ್ತ ಶಾಲೆಯ ಪರೀಕ್ಷೆಗೆ ಮೂರೂ ಮನೆಯ ಮಕ್ಕಳನ್ನು ಕೂರಿಸುವುದು, ನಾನು ಮೂರು ತಿಂಗಳಿಗೊಮ್ಮೆ ಬಂದು ಓದು ನೋಡುವುದು.

ವರದಿ ಓದಿ ಸಾಹೇಬರು ಕನ್ನಡಕ ತೆಗೆದರು. "ಮಗು ಯಾರ ಜವಾಬ್ದಾರಿ ಅನ್ನೋ ಕಾಲಂನಾಗೆ ಮೂರು ಹೆಸರು ಬರದೀರಲ್ರೀ. ಇರೋದು ಒಂದೇ ಸಾಲು."

"ಇರೋದು ಮೂರು ಮನೆ ಸಾರ್. ಬೇಕಾದ್ರೆ ನೀವೇ ಬಂದು ನೋಡ್ರಿ, ಹೋಗಾಣ."

ಅವರು ಬರಲಿಲ್ಲ. ಆದರೆ ಕಡತ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಲಿಲ್ಲ. ಕೃಪಾ ಬಾಲಮಂದಿರಕ್ಕೂ ಹೋಗಲಿಲ್ಲ.

ಈ ಪ್ರಕರಣ ನನಗೆ ಕಲಿಸಿದ್ದು ಸಣ್ಣದು, ಕಲಿಯಲು ಮಾತ್ರ ಮೂವತ್ತು ವರ್ಷ ಹಿಡಿಯಿತು. ಕಣ್ಣಿಗೆ ಕಂಡದ್ದನ್ನು ಕೂಡಲೇ ಬರೆಯಬಾರದು, ಅದು ಆ ಮನೆಯಲ್ಲಿ ಏನು ಅರ್ಥ ಕೊಡುತ್ತದೆ ಎಂದು ಕೇಳಿಯೇ ಬರೆಯಬೇಕು. ಮೊದಲ ದಿನವೇ ವರದಿ ಬರೆದಿದ್ದರೆ, ಮೂರು ಮನೆಯಿದ್ದ ಮಗುವನ್ನು ಅನಾಥೆ ಮಾಡಿದ ಪುಣ್ಯಾತ್ಮ ನಾನಾಗುತ್ತಿದ್ದೆ.

ಮುಂದಿನ ವರ್ಷ ಸುನೀತಾ ಎದ್ದು ಓಡಾಡುವಂತಾದಾಗ ಮೂರೂ ಮನೆಯವರು ಚಿಕ್ಕಜಾಜೂರಿನಲ್ಲಿ ಊಟಕ್ಕೆ ಸೇರಿದರು, ನನ್ನನ್ನೂ ಕರೆದರು. ಉಂಡು ಕೈ ತೊಳೆದು, ಬೈಕಿನ ಕೀಲಿ ಹುಡುಕುತ್ತಿದ್ದೆ. ಕೃಪಾ ನಗುತ್ತ ಬಂದು ಅಡುಗೆಮನೆಯ ಬಾಗಿಲು ತೋರಿಸಿದಳು. ಅಲ್ಲೂ ಒಂದು ಸ್ಲೇಟು ತೂಗುತ್ತಿತ್ತು. ಎಲ್ಲ ಮಕ್ಕಳ ಹೆಸರಿನ ಕೆಳಗೆ, ದುಂಡು ಅಕ್ಷರದಲ್ಲಿ ಇನ್ನೊಂದು ಹೆಸರು ಸೇರಿತ್ತು: ಇನ್‌ಸ್ಪೆಕ್ಷನ್ ಸಾರ್, ಲೋಟಗಳು.

ಕೀಲಿಯನ್ನು ಜೇಬಿಗೆ ಹಾಕಿ, ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಮುಂದೆ ಕೂತೆ.